ಟ್ಯಾಕ್ಸ್ ಕಟ್ತೀನಿ ಕಣ್ರೀ, ಎಷ್ಟು ಅಂತ ಮೊದ್ಲು ಹೇಳಿ

ಟ್ಯಾಕ್ಸ್ ಕಟ್ಟೋದಕ್ಕೆ ನಂದೇನೂ ತಕರಾರಿಲ್ಲ. ಆ ದುಡ್ಡು ಎಲ್ಲಿಗ್ ಹೋಗುತ್ತೆ ಅನ್ನೋ ಜಗಳ ಬೇರೆ, ಅದನ್ನ ಇನ್ನೊಂದಿನ ಆಡೋಣ. ನನ್ನ ಸಿಟ್ಟೆಲ್ಲ ಲೆಕ್ಕದ ಮೇಲೆ. ಸಂಬಳ ಕೈಗೆ ಬರೋಕ್ ಮುಂಚೆನೇ ಟಿಡಿಎಸ್ ಅಂತ ಟ್ಯಾಕ್ಸ್ ಹಿಡ್ಕೊಂಡಿರ್ತಾರೆ, ಎಫ್‌ಡಿ ಬಡ್ಡಿ ಎಷ್ಟು ಬಂತು ಅಂತ ಬ್ಯಾಂಕು ಹೇಳಿರುತ್ತೆ, ಷೇರು ಮಾರಿದ್ದು, ಡಿವಿಡೆಂಡ್ (ಕಂಪನಿ ಕೊಡೋ ಲಾಭದ ಪಾಲು) ಬಂದಿದ್ದು, ಎಲ್ಲಾ ಎಐಎಸ್ ಅನ್ನೋ ಇಲಾಖೆಯ ಪಟ್ಟಿಲಿ ಸಾಲಾಗಿ ಕೂತಿರುತ್ತೆ. ಅಂದ್ರೆ ನಮ್ಮ ಜಾತಕ ಪೂರ್ತಿ ಇನ್‌ಕಮ್ ಟ್ಯಾಕ್ಸ್ ಇಲಾಖೆಯವ್ರ ಹತ್ರನೇ ಇದೆ. ಆದ್ರೂ ವರ್ಷಕ್ಕೊಂದ್ಸಲ ನಮ್ಮನ್ನ ಕೂರಿಸ್ಕೊಂಡು "ಎಷ್ಟಾಗುತ್ತೆ, ನೀನೇ ಹೇಳು ನೋಡೋಣ" ಅಂತಾರೆ, ಹೇಳಿದ್ದು ಅವ್ರ ಲೆಕ್ಕಕ್ಕೆ ತಾಳೆ ಆಗ್ಲಿಲ್ಲ ಅಂದ್ರೆ ಮೇಲ್ ಬರುತ್ತೆ.

ರಿಟರ್ನ್ ಫಾರ್ಮುಗಳಲ್ಲಿ ಐಟಿಆರ್-1 ಪರವಾಗಿಲ್ಲ, ಸಣ್ಣ ಫಾರ್ಮು, ಅರ್ಧಕ್ಕರ್ಧ ಅದೇ ತುಂಬ್ಕೊಂಡು ಬರುತ್ತೆ, ಅಷ್ಟು ಮಾತ್ರ ಒಪ್ಕೋಬೇಕು. ಆದ್ರೆ ಯಾವುದೋ ಒಂದು ಷೇರನ್ನ ವರ್ಷ ತುಂಬೋಕ್ ಮುಂಚೆ ಮಾರಿ ನೂರು ರೂಪಾಯಿ ಲಾಭ ಮಾಡ್ಕೊಂಡ್ರಿ ಅಂದ್ಕೊಳ್ಳಿ, ಸೀದಾ ಐಟಿಆರ್-2 ಅನ್ನೋ ದೊಡ್ಡ ಫಾರ್ಮು. ಅಲ್ಲಿ ಡಿವಿಡೆಂಡ್ ಅಂತ ಒಂದು ಜಾಗ ಇದೆ ನೋಡಿ, ನಂಗೆ ತಲೆ ಕೆಡೋದು ಅಲ್ಲೇ. ಒಟ್ಟು ಎಷ್ಟು ಅಂತ ಬರೆದ್ರೆ ಸಾಲಲ್ಲ, ಅದನ್ನ ಐದು ಕಾಲಮ್ಮಿಗೆ ಹಂಚ್ಬೇಕು. ಜೂನ್ 15ರವರೆಗೆ ಬಂದಿದ್ದು, ಜೂನ್ 16ರಿಂದ ಸೆಪ್ಟೆಂಬರ್ 15, ಆಮೇಲೆ ಡಿಸೆಂಬರ್ 15ರವರೆಗೆ, ಆಮೇಲೆ ಮಾರ್ಚ್ 15, ಕೊನೆಗೆ ಮಾರ್ಚ್ 16ರಿಂದ 31 ಅಂತ ಹದಿನಾರು ದಿನಕ್ಕೇ ಒಂದು ಪ್ರತ್ಯೇಕ ಕಾಲಮ್ಮು. ಒಂದು ಕಂಪನಿಯಿಂದ ಇಪ್ಪತ್ತು ರೂಪಾಯಿ, ಇನ್ನೊಂದ್ರಿಂದ ಹನ್ನೆರಡೂವರೆ, ಇದನ್ನ ತಾರೀಕು ನೋಡಿ ನೋಡಿ ಜೋಡಿಸ್ತಾ ಕೂತ್ಕೋಬೇಕು. ಇದಕ್ಕೂ ಒಂದು ಕಾರಣ ಇದೆ ಅನ್ನಿ, ವರ್ಷದ ಮಧ್ಯೆನೇ ಕಟ್ಟಬೇಕಾದ ಅಡ್ವಾನ್ಸ್ ಟ್ಯಾಕ್ಸ್ ಕಂತು ತಪ್ಪಿದ್ರೆ ಹಾಕೋ ಬಡ್ಡಿ ಲೆಕ್ಕಕ್ಕೆ ಬೇಕು. ಆದ್ರೆ ಟಿಡಿಎಸ್ ಕಳೆದು ಕಟ್ಟಬೇಕಾದ್ದು 10,000 ರೂಪಾಯಿಗಿಂತ ಕಮ್ಮಿ ಇದ್ರೆ ಅಡ್ವಾನ್ಸ್ ಟ್ಯಾಕ್ಸೇ ಅನ್ವಯ ಆಗಲ್ಲ, ಕಾಲಮ್ಮು ಮಾತ್ರ ಎಲ್ಲರಿಗೂ.

ಇದೆಲ್ಲ ಹಳೇ ಕಾನೂನಿನ ಕರ್ಮ, ಸರಳ ಮಾಡ್ತಿದಾರಲ್ಲ ಅಂತೀರೇನೋ. ನಂಗೆ ಜಾಸ್ತಿ ಭಯ ಅದೇ ಸರಳ ಮಾಡೋದ್ರದ್ದು.

2020ರ ಬಜೆಟ್‌ನಲ್ಲಿ ಹೊಸ ರೆಜೀಮ್, ಅಂದ್ರೆ ಟ್ಯಾಕ್ಸ್ ಲೆಕ್ಕದ ಹೊಸ ಪದ್ಧತಿ ತಂದ್ರು. ಡಿಡಕ್ಷನ್ ಬಹುಪಾಲು ಇಲ್ಲ, ರೇಟ್ ಕಮ್ಮಿ, ರಗಳೆ ಇಲ್ಲ ಅಂದ್ರು. ಒಳ್ಳೇದೇ, ಆದ್ರೆ ಹಳೇದನ್ನ ತೆಗೀಲಿಲ್ಲ, ಹಾಗಾಗಿ ಮುಂಚೆ ಒಂದ್ಸಲ ಮಾಡ್ತಿದ್ದ ಲೆಕ್ಕ ಈಗ ಎರಡ್ಸಲ ಮಾಡಿ ಯಾವುದು ಕಮ್ಮಿ ಅಂತ ನೋಡ್ಬೇಕು. ಹಳೇದ್ರಲ್ಲಿ ಮಾಡೋದು ಅಂದ್ರೆ 80ಸಿ (ಪಿಎಫ್, ಎಲ್‌ಐಸಿ ಥರದ್ದು), 80ಡಿ (ಆರೋಗ್ಯ ವಿಮೆ), ಹೋಮ್ ಲೋನ್ ಬಡ್ಡಿ, ಮತ್ತೆ ಎಚ್‌ಆರ್‌ಎ ಅನ್ನೋ ಮನೆ ಬಾಡಿಗೆ ಭತ್ಯೆ. ಎಚ್‌ಆರ್‌ಎಗೆ ಮೂರು ಲೆಕ್ಕ ಮಾಡಿ ಅದ್ರಲ್ಲಿ ಕಮ್ಮಿ ಬಂದಿದ್ದನ್ನ ತಗೋಬೇಕು, ಅದ್ರಲ್ಲೊಂದು ಬೇಸಿಕ್ ಸಂಬಳದ 50 ಪರ್ಸೆಂಟು, ಅದೂ ಮೆಟ್ರೋ ಆದ್ರೆ. 1962ರ ರೂಲ್ಸ್ ಪ್ರಕಾರ, ಅಂದ್ರೆ 2025-26ರ ಆದಾಯದವರೆಗೆ, ಮೆಟ್ರೋ ಅಂದ್ರೆ ಮುಂಬೈ, ಕೋಲ್ಕತ್ತಾ, ದೆಹಲಿ, ಚೆನ್ನೈ, ಅಷ್ಟೇ. ಬೆಂಗಳೂರಿಗೆ 40. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರ ಮುಂದೆ ಇದನ್ನ ಹೇಳಿ ನೋಡಿ.

ಹನ್ನೆರಡು ಲಕ್ಷದ ಕಥೆ ಇನ್ನೊಂದು. ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿ "ಏನಣ್ಣ ಇದು, ಹನ್ನೆರಡು ಲಕ್ಷದವರೆಗೂ ಟ್ಯಾಕ್ಸೇ ಇಲ್ಲ ಅಂತ ಟೀವಿಲಿ ಬಂದಿತ್ತಲ್ಲ, ನಂಗೆ ಆರು ಸಾವಿರ ಚಿಲ್ರೆ ಯಾಕ್ ತೋರಿಸ್ತಿದೆ" ಅಂದ. ಅವನ ಸಂಬಳ ಒಂಬತ್ತು ಲಕ್ಷ, ಅದ್ರ ಜೊತೆ ತಗೊಂಡು ವರ್ಷ ಆಗದ ಷೇರು ಮಾರಿ 30,000 ಲಾಭ. ವಿಷಯ ಏನಪ್ಪಾ ಅಂದ್ರೆ ಹೊಸ ರೆಜೀಮಲ್ಲೂ ಸ್ಲ್ಯಾಬ್ ಶುರು ಆಗೋದು 4 ಲಕ್ಷಕ್ಕೇ, ಹನ್ನೆರಡರವರೆಗೆ ಸೊನ್ನೆ ಆಗೋದು 87ಎ ಅನ್ನೋ ರಿಬೇಟ್‌ನಿಂದ (ಲೆಕ್ಕ ಹಾಕಿದ ಟ್ಯಾಕ್ಸ್‌ನ ಮಾಫಿ), ಆ ರಿಬೇಟು ಷೇರಿನ ಲಾಭದ ಮೇಲಿನ ಟ್ಯಾಕ್ಸ್‌ಗೆ ಸಿಗಲ್ಲ. 20 ಪರ್ಸೆಂಟು, ಅದ್ರ ಮೇಲೆ 4 ಪರ್ಸೆಂಟ್ ಸೆಸ್ಸು, 6,240 ರೂಪಾಯಿ. ಇಷ್ಟೆಲ್ಲ ಹೇಳಿದ್ಮೇಲೆ ಅವನು "ಹಂಗಾದ್ರೆ ಟೀವಿಲಿ ಯಾಕ್ ಹಂಗೆ ಹೇಳಿದ್ರು" ಅಂದ, ನನ್ನ ಹತ್ರ ಉತ್ತರ ಇರ್ಲಿಲ್ಲ.

ಈಗ ದೊಡ್ಡ ಸರಳೀಕರಣ. 1961ರ ಇನ್‌ಕಮ್ ಟ್ಯಾಕ್ಸ್ ಕಾಯ್ದೆ ಹೋಗಿ 2025ರ ಕಾಯ್ದೆ ಬಂತು, 536 ಸೆಕ್ಷನ್ನು, 2026ರ ಏಪ್ರಿಲ್ 1ರಿಂದ ಜಾರಿ. ದುಡಿದ ಫೈನಾನ್ಶಿಯಲ್ ಇಯರ್ ಒಂದು, ಅದ್ರ ಲೆಕ್ಕ ಕೊಡೋ ಅಸೆಸ್‌ಮೆಂಟ್ ಇಯರ್ ಇನ್ನೊಂದು ಅನ್ನೋ ಗೊಂದಲ ತೆಗೆದು "ಟ್ಯಾಕ್ಸ್ ಇಯರ್" ಅಂತ ಒಂದೇ ಮಾಡಿದ್ರು. ನಿಜವಾಗ್ಲೂ ಒಳ್ಳೇ ಕೆಲಸ, ನಾನೂ ಖುಷಿ ಪಟ್ಟೆ. ಆದ್ರೆ ಈ ವರ್ಷದ ಪರಿಸ್ಥಿತಿ ನೋಡಿ. 2025-26ರಲ್ಲಿ ದುಡಿದಿದ್ದಕ್ಕೆ ಈಗ ರಿಟರ್ನ್ ಹಾಕೋದು ಹಳೇ ಕಾಯ್ದೆ ಪ್ರಕಾರ, ಅದಕ್ಕೆ ಅಸೆಸ್‌ಮೆಂಟ್ ಇಯರ್ 2026-27. ಈಗ ದುಡೀತಿರೋದಕ್ಕೆ ಹೊಸ ಕಾಯ್ದೆ, ಅದಕ್ಕೆ ಟ್ಯಾಕ್ಸ್ ಇಯರ್, ಅದೂ 2026-27! ಎರಡು ಬೇರೆ ಬೇರೆ ವರ್ಷದ ಆದಾಯ, ನಂಬರ್ ಮಾತ್ರ ಒಂದೇ. ಅಡ್ವಾನ್ಸ್ ಟ್ಯಾಕ್ಸ್ ಕಟ್ಟೋರು, ಬಾಕಿ ಟ್ಯಾಕ್ಸ್ ಕಟ್ಟೋರು ಯಾವ ವರ್ಷಕ್ಕೆ ಕಟ್ತಿದೀವಿ ಅಂತ ಎರಡೆರಡು ಸಲ ಓದ್ಕೊಳ್ಳಿ. ಇದ್ರ ಜೊತೆ ಇಷ್ಟು ವರ್ಷ ಬಾಯಿಪಾಠ ಆಗಿದ್ದ 80ಸಿ ಈಗ ಸೆಕ್ಷನ್ 123. ಆಫೀಸಲ್ಲಿ ಯಾರೂ ಹಾಗೆ ಕರೆಯಲ್ಲ, ಇನ್ನೂ ಇಪ್ಪತ್ತು ವರ್ಷ 80ಸಿ ಅಂತಾನೇ ಅಂತಾರೆ, ಬರೆದಿಟ್ಕೊಳ್ಳಿ.

ಸ್ವೀಡನ್‌ನಲ್ಲಿ ಇಲಾಖೆನೇ ರಿಟರ್ನ್ ತುಂಬಿ ಕಳಿಸುತ್ತೆ, ಸರಿ ಇದ್ರೆ ಮೊಬೈಲಲ್ಲೇ ಒಪ್ಕೊಂಡ್ರೆ ಆಯ್ತು. ಸಂಬಳ, ಬಡ್ಡಿ, ನಾಲ್ಕು ಷೇರು ಇರೋ ನನ್ನಂಥವರಿಗೆ ಇಲ್ಲೂ ಅಷ್ಟು ಮಾಡ್ಬಹುದು, ಡೇಟಾ ಹೇಗೂ ಅಲ್ಲೇ ಇದೆ. ಇಷ್ಟಾಗುತ್ತೆ ಅಂತ ಬಿಲ್ ಕಳಿಸಿ, ತಕರಾರಿದ್ರೆ ನಾನ್ ಹೇಳ್ತೀನಿ.

ಅಲ್ಲೀವರೆಗೆ ನಾವು ತಡ ಮಾಡಿದ್ರೆ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ, ತಿಂಗಳಲ್ಲಿ ಒಂದಿನ ಆದ್ರೂ ಪೂರ್ತಿ ತಿಂಗಳ ಲೆಕ್ಕ. ನಮ್ಮ ರಿಫಂಡ್ ಅವ್ರ ಹತ್ರ ಕೂತಿದ್ರೆ ತಿಂಗಳಿಗೆ ಅರ್ಧ ಪರ್ಸೆಂಟ್. ಆ ಅರ್ಧ ಪರ್ಸೆಂಟ್ ಬಡ್ಡಿನೂ ಆದಾಯನೇ ಕಣ್ರೀ, ಮರೀದೆ ಮುಂದಿನ ರಿಟರ್ನಲ್ಲಿ ತೋರಿಸಿ.