ಮಳೆಗಾಲಕ್ಕೆ ಯಾವ ಹಳೇ ಸಿನಿಮಾ ನೋಡೋಣ?

"ಹಳೇ ಕನ್ನಡ ಸಿನಿಮಾ ನೋಡ್ಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು ಹೇಳಿ ಅಣ್ಣ." ಜೂನ್ ಬಂತೆಂದರೆ ಈ ಪ್ರಶ್ನೆ ನನ್ನ ಬೆನ್ನು ಬಿಡುವುದಿಲ್ಲ. ನಮ್ಮ ಹೋಂಸ್ಟೇಗೆ ಬಂದು ಮಳೆಗೆ ಒಳಗೇ ಕೂತವರು ಕೇಳುತ್ತಾರೆ. ಬೆಂಗಳೂರಿನಲ್ಲಿ ಓದುವ ನೆಂಟರ ಮಕ್ಕಳು ಫೋನ್ ಮಾಡಿ ಕೇಳುತ್ತಾರೆ. ಹಾಗಾಗಿ ಬಾಯಲ್ಲಿ ಹೇಳುವುದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ.

ಯಾರೋ ಮಾಡಿದ "ನೋಡಲೇಬೇಕಾದ ನೂರು ಚಿತ್ರಗಳು" ಪಟ್ಟಿ ಹಿಡಿದು ಕೂರಬೇಡಿ. ಮೂರನೆಯದಕ್ಕೇ ಬೇಜಾರು ಬಂದುಬಿಡುತ್ತದೆ. ನಿಮಗೆ ಗೊತ್ತಿರುವ ಊರಿನ ಒಂದು ಸಿನಿಮಾ ನೋಡಿ. ಅದರಲ್ಲಿ ಯಾರು ಹಿಡಿಸಿದರು ಅಂತ ಗಮನಿಸಿ. ನಿರ್ದೇಶಕರಾಗಿರಬಹುದು, ಕತೆ ಬರೆದವರಾಗಿರಬಹುದು, ನಟಿಯಾಗಿರಬಹುದು. ಅವರ ಹಿಂದೆಯೇ ಮುಂದಿನ ಸಿನಿಮಾಕ್ಕೆ ಹೋಗಿ. ನಾನು ಕೊಡಗಿನವನು, ನನ್ನ ದಾರಿ ಇಲ್ಲಿಂದಲೇ ಶುರು.

ಮೊದಲನೆಯದು ‘ಶರಪಂಜರ’, 1971. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಇದರ ‘ಕೊಡಗಿನ ಕಾವೇರಿ’ ಹಾಡು ಎಲ್ಲರಿಗೂ ಗೊತ್ತು. ಆದರೆ ಹಾಡು ಮಾತ್ರ ನೋಡಿದವರೇ ಜಾಸ್ತಿ. ದಯವಿಟ್ಟು ಪೂರ್ತಿ ಸಿನಿಮಾ ನೋಡಿ. ಹಾಡಿನಲ್ಲಿ ಅಷ್ಟು ಖುಷಿಯಾಗಿರುವ ಕಾವೇರಿಗೆ ಮುಂದೆ ಬಾಣಂತಿಯಾದ ಮೇಲೆ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಗೆ ಹೋಗಿ ವಾಸಿ ಮಾಡಿಕೊಂಡು ಮನೆಗೆ ಬರುತ್ತಾಳೆ. ಅವಳಿಗೆ ವಾಸಿಯಾಗಿದೆ ಅಂತ ನಂಬುವುದಕ್ಕೆ ಸುತ್ತಲಿನವರು ತಯಾರಿಲ್ಲ. ಜೋರಾಗಿ ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಕಾವೇರಿಯಾಗಿರುವ ಕಲ್ಪನಾ ಅವರ ಕಣ್ಣುಗಳಲ್ಲಿ, ತನಗೆ ವಾಸಿಯಾಗಿದೆ ಅನ್ನುವ ನಂಬಿಕೆ ಸ್ವಲ್ಪ ಸ್ವಲ್ಪವೇ ಕುಸಿಯುವುದನ್ನು ನೋಡಬೇಕು. ಐವತ್ತು ವರ್ಷ ಕಳೆದರೂ ನಮ್ಮ ಮನೆಗಳಲ್ಲಿ ಈ ವಿಷಯ ಮಾತಾಡೋದು ಕಷ್ಟವೇ, ಅಲ್ವಾ? ಹಾಗಾಗಿಯೇ ನನಗೆ ಇದು ಹಳೆಯ ಸಿನಿಮಾ ಅನ್ನಿಸುವುದಿಲ್ಲ.

ಪುಟ್ಟಣ್ಣ ಹಿಡಿಸಿದರೆ ಮುಂದೆ ‘ಎಡಕಲ್ಲು ಗುಡ್ಡದ ಮೇಲೆ’, 1973. ಎಡಕಲ್ಲು ಇರುವುದು ಕೇರಳದ ವಯನಾಡಿನಲ್ಲಿ. ನಮ್ಮ ಗಡಿಯ ಊರು ಕುಟ್ಟ ದಾಟಿದರೆ ಆ ಜಿಲ್ಲೆಯೇ. ಅಲ್ಲಿನ ಗುಹೆಗಳಲ್ಲಿ ಬಹಳ ಪುರಾತನ ಕಾಲದ ಕಲ್ಲಿನ ಕೆತ್ತನೆಗಳಿವೆ. ಸಿನಿಮಾದಲ್ಲಿ ಗಂಡನಿಂದ ಸುಖ ಕಾಣದ ಹೆಂಡತಿಯ ಪಾತ್ರ ಜಯಂತಿಯವರದು. ಹೆಣ್ಣಿನ ಬಯಕೆಯನ್ನು ಆ ಕಾಲದಲ್ಲಿ ಇಷ್ಟು ನೇರವಾಗಿ, ಅವಳನ್ನು ಕೆಟ್ಟವಳೆಂದು ಬದಿಗೆ ತಳ್ಳದೆ ತೋರಿಸಲು ಧೈರ್ಯ ಬೇಕಿತ್ತು. ಜಯಂತಿ ಈ ಪಾತ್ರ ಒಪ್ಪಿಕೊಂಡದ್ದೇ ದೊಡ್ಡದು ಅಂತ ನಾನು ಯಾವಾಗಲೂ ಹೇಳುತ್ತೇನೆ. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡುವ ಸಿನಿಮಾ ಅಲ್ಲ.

ಇಲ್ಲಿ ದಾರಿ ಕವಲಾಗುತ್ತದೆ. ಈ ಕತೆ ಬರೆದ ಭಾರತೀಸುತ ನಮ್ಮ ಕೊಡಗಿನ ಲೇಖಕರು. ಇದನ್ನು ಕೇಳಿ ಇಲ್ಲಿಯವರೇ ಎಷ್ಟೋ ಜನ ಆಶ್ಚರ್ಯಪಡುತ್ತಾರೆ, ಅದು ನನಗೆ ಬೇಸರ. ‘ಬಯಲುದಾರಿ’ ಅವರದ್ದೇ ಕಾದಂಬರಿ. ದೊರೈ-ಭಗವಾನ್ 1976ರಲ್ಲಿ ಅದನ್ನು ಅನಂತನಾಗ್ ಮತ್ತು ಕಲ್ಪನಾ ಅವರನ್ನು ಹಾಕಿ ಸಿನಿಮಾ ಮಾಡಿದರು. ರಾಜನ್-ನಾಗೇಂದ್ರ ಅವರ ಸಂಗೀತವೊಂದಕ್ಕೇ ನೋಡಬಹುದು. ರಾಜ್‌ಕುಮಾರ್ ಅವರ ‘ಹುಲಿಯ ಹಾಲಿನ ಮೇವು’ (1979) ಕೂಡ ಭಾರತೀಸುತರದ್ದೇ ಕತೆ, ಅದೂ ಕೊಡಗಿನ ಹಳೆಯ ಕಾಲದ್ದು. ಅಣ್ಣಾವ್ರನ್ನು ಕೊಡವರ ಉಡುಪಿನಲ್ಲಿ ನೋಡಬೇಕೆಂದರೆ ಇದನ್ನೇ ಹಾಕಿ. ನಮ್ಮ ಮನೆಯಲ್ಲಿ ಹಿರಿಯರು ಟಿವಿ ಮುಂದೆ ಅಲುಗಾಡದೆ ಕೂರುವುದು ಈ ಸಿನಿಮಾಕ್ಕೆ. ‘ಚಿನ್ನದ ಮಲ್ಲಿಗೆ ಹೂವೆ’ ಹಾಡು ಇದರದ್ದೇ.

ಕೊಡಗು ಅಂದಮೇಲೆ ಸೈನ್ಯದ ಮಾತು ಬರಲೇಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇಬ್ಬರೂ ಇಲ್ಲಿಯವರು. ರಜೆಗೆ ಬಂದ ಯೋಧರಿಲ್ಲದ ಮದುವೆ ಮನೆ ಇಲ್ಲಿ ಕಡಿಮೆ. ಆ ಬದುಕನ್ನು ಗೌರವದಿಂದ ತೋರಿಸಿದ ಸಿನಿಮಾ ‘ಮುತ್ತಿನ ಹಾರ’. 1990ರಲ್ಲಿ ಎಸ್.ವಿ. ರಾಜೇಂದ್ರಸಿಂಗ್ ಬಾಬು ಮಾಡಿದ್ದು. ವಿಷ್ಣುವರ್ಧನ್ ಕೊಡಗಿನ ಸೈನಿಕ, ಸುಹಾಸಿನಿ ಅವನ ಹೆಂಡತಿ. ಯುದ್ಧದ ದೃಶ್ಯಗಳು ದೊಡ್ಡದಾಗಿವೆ, ನಿಜ. ಆದರೆ ನನ್ನನ್ನು ಅಲ್ಲಾಡಿಸುವುದು ಮನೆಯಲ್ಲಿ ಉಳಿದವರ ಪಾಡು. ಬಾಲಮುರಳಿಕೃಷ್ಣ ಅವರ ದನಿಯಲ್ಲಿ ‘ದೇವರು ಹೊಸೆದ ಪ್ರೇಮದ ದಾರ’ ಬರುವಾಗ ನಾನು ಯಾರ ಹತ್ತಿರವೂ ಮಾತಾಡುವುದಿಲ್ಲ. ಸಿನಿಮಾ ನೋಡಿದ ಮಾರನೇ ದಿನ ಮಳೆ ಬಿಟ್ಟರೆ ಮಡಿಕೇರಿಯ ಸನ್ನಿ ಸೈಡ್‌ಗೆ ಹೋಗಿ ಬನ್ನಿ. ತಿಮ್ಮಯ್ಯನವರ ಮನೆ ಅದು, ಈಗ ಮ್ಯೂಸಿಯಂ.

‘ಮುಂಗಾರು ಮಳೆ’ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. 2006ರ ಕೊನೆಗೆ ಬಂದು ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮೇಲೆ ಓಡಿದ ಸಿನಿಮಾ. ಒಂದು ವಿಷಯ ಮಾತ್ರ ಹೇಳಬೇಕು. ಅದರಲ್ಲಿ ಮೇಲಿನಿಂದ ತೋರಿಸುವ ಆ ದೊಡ್ಡ ಜಲಪಾತ ಮಡಿಕೇರಿ ಹತ್ತಿರದ ಅಬ್ಬಿ ಅಲ್ಲ, ಶಿವಮೊಗ್ಗ ಜಿಲ್ಲೆಯ ಜೋಗ. ಕತೆ ಮಡಿಕೇರಿಯಲ್ಲಿ ನಡೆಯುವುದರಿಂದ ತುಂಬಾ ಜನ ಇಲ್ಲಿ ಬಂದು ಹುಡುಕುತ್ತಾರೆ.

ಅದರಲ್ಲಿ ನಿವೃತ್ತ ಕರ್ನಲ್ ಆಗಿರುವ ಅನಂತನಾಗ್ ಅವರನ್ನು ಹಿಡಿದುಕೊಂಡು ಹನ್ನೊಂದು ವರ್ಷ ಹಿಂದಕ್ಕೆ ಹೋಗಿ. ‘ಬೆಳದಿಂಗಳ ಬಾಲೆ’ ಸಿಗುತ್ತದೆ. ಸುನಿಲ್ ಕುಮಾರ್ ದೇಸಾಯಿ 1995ರಲ್ಲಿ ಮಾಡಿದ್ದು, ತೆಲುಗಿನ ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿಯಿಂದ. ಒಬ್ಬ ಚೆಸ್ ಆಟಗಾರ. ಅವನಿಗೆ ಒಬ್ಬ ಹುಡುಗಿಯ ಫೋನ್ ಬರುತ್ತದೆ. ನಾನು ಯಾರು ಅಂತ ಕಂಡುಹಿಡಿ ಅನ್ನುತ್ತಾಳೆ. ಸಿನಿಮಾ ಬಹುಪಾಲು ಅಷ್ಟೇ. ಒಂದು ದನಿಯನ್ನು ಇಟ್ಟುಕೊಂಡು ಇಡೀ ಸಿನಿಮಾ ಕೂರಿಸುತ್ತಾರೆ. ಆ ದನಿ ಮಂಜುಳಾ ಗುರುರಾಜ್ ಅವರದು. ಯಾರಾದರೂ ನನಗೆ ಒಂದೇ ಒಂದು ಹೆಸರು ಹೇಳಿ ಅಂತ ಹಟ ಹಿಡಿದರೆ ನಾನು ಹೇಳುವುದು ಇದನ್ನೇ. ಲ್ಯಾಂಡ್‌ಲೈನ್ ನೋಡಿಯೇ ಇರದ ಹುಡುಗರೂ ಕೊನೆಯವರೆಗೆ ಫೋನ್ ಮುಟ್ಟದೆ ನೋಡಿದ್ದಾರೆ.

"ಕಲ್ಟ್ ಸಿನಿಮಾ ಹೇಳಿ" ಅನ್ನುವ ಕಾಲೇಜು ಹುಡುಗರಿಗೆ ಬೇರೆ ದಾರಿ. ಅದಕ್ಕೂ ಕೊಡಗಿನ ಬಾಗಿಲಿದೆ, ನಮ್ಮ ಹುಡುಗಿ ಪ್ರೇಮಾ. ‘ಓಂ’ (1995) ಸಿನಿಮಾದಲ್ಲಿ ಶಿವರಾಜ್‌ಕುಮಾರ್ ಎದುರು ಅವರಿದ್ದಾರೆ. ನಿರ್ದೇಶಕ ಉಪೇಂದ್ರ ನಿಜವಾದ ಭೂಗತ ಲೋಕದವರನ್ನೇ ಕರೆತಂದು ನಟನೆ ಮಾಡಿಸಿದರು ಅಂದರೆ ಇಂದಿಗೂ ಹುಡುಗರು ನಂಬುವುದಿಲ್ಲ. ಮತ್ತೆ ಮತ್ತೆ ಬಿಡುಗಡೆಯಾಗಿ, ಪ್ರತಿಸಲವೂ ಜನ ಬಂದ ಸಿನಿಮಾ ಇದು. ಇಲ್ಲಿಂದ ಉಪೇಂದ್ರರ ‘ಎ’ಗೆ (1998) ಹೋಗಿ. ಅದು ಹಿಂದುಮುಂದಾಗಿ ಸಾಗುವ ಕತೆ, ಬುದ್ಧಿವಂತರಿಗೆ ಮಾತ್ರ ಅಂತ ಪೋಸ್ಟರಿನಲ್ಲೇ ಹಾಕಿದ್ದರು. ಹೆಣ್ಣುಮಕ್ಕಳ ಬಗ್ಗೆ ಅದು ಆಡುವ ಕೆಲವು ಮಾತು ನನಗೆ ಸಹಿಸುವುದಿಲ್ಲ. ಆದರೂ ಕತೆಯನ್ನು ಹೀಗೂ ಹೇಳಬಹುದು ಅಂತ ಒಂದು ತಲೆಮಾರಿಗೆ ತೋರಿಸಿದ್ದು ಅದೇ.

ಆಮೇಲೆ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’, 2014. ಮಲ್ಪೆಯ ಕಡಲ ದಂಡೆ, ಒಂದೇ ಘಟನೆ, ಬೇರೆ ಬೇರೆಯವರ ಕಣ್ಣಲ್ಲಿ. ಬಂದಾಗ ಥಿಯೇಟರಿನಲ್ಲಿ ಹೆಚ್ಚು ಜನ ನೋಡಲಿಲ್ಲ, ಆಮೇಲೆ ಬಾಯಿಂದ ಬಾಯಿಗೆ ಬೆಳೆಯಿತು. ಇದು ಹಿಡಿಸಿದರೆ ಜಪಾನಿನ ಕುರೊಸಾವಾ ಅವರ ‘ರಾಶೋಮಾನ್’ (1950) ನೋಡದೆ ಇರಬೇಡಿ. ಕಪ್ಪು-ಬಿಳುಪು, ಜಪಾನಿ ಭಾಷೆ ಅಂತ ಹೆದರಬೇಡಿ. ಅದರಲ್ಲೂ ಮಳೆ ನಮ್ಮಲ್ಲಿಯಷ್ಟೇ ಜೋರಾಗಿದೆ! ಕುರೊಸಾವಾ ಗುಂಗಿನಿಂದಲೇ ಗಿರೀಶ್ ಕಾರ್ನಾಡರು ಮಾಡಿದ್ದು ‘ಒಂದಾನೊಂದು ಕಾಲದಲ್ಲಿ’ (1978). ಶಂಕರ್‌ನಾಗ್ ಅವರ ಮೊದಲ ಸಿನಿಮಾ. ಅದರ ಕತ್ತಿ ಕಾಳಗದಲ್ಲಿ ಹಗ್ಗ ಕಟ್ಟಿ ಹಾರಿಸುವುದಿಲ್ಲ. ಕಾದಾಡುವವರು ಸುಸ್ತಾಗುತ್ತಾರೆ, ಮೈಯೆಲ್ಲ ಮಣ್ಣಾಗುತ್ತದೆ, ಉಸಿರು ಕೇಳುತ್ತದೆ.

ಕೊನೆಗೆ ಒಂದೆರಡು ಕೆಲಸದ ಮಾತು. ಇಲ್ಲಿ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಬೇಗ ಬರುವುದಿಲ್ಲ, ನೆಟ್‌ವರ್ಕೂ ಅದರ ಹಿಂದೆಯೇ ಹೋಗುತ್ತದೆ. ಬರುವ ಮೊದಲೇ ಮೊಬೈಲಿಗೋ ಲ್ಯಾಪ್‌ಟಾಪಿಗೋ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ಶೀಟಿನ ಮಾಡಿನ ಕೆಳಗೆ ಮಳೆ ಸದ್ದಿಗೆ ಮಾತು ಕೇಳಿಸುವುದಿಲ್ಲ, ಸಣ್ಣದೊಂದು ಸ್ಪೀಕರ್ ಇರಲಿ. ಹಳೆಯ ಸಿನಿಮಾಗಳ ಪ್ರತಿ ಆನ್‌ಲೈನಿನಲ್ಲಿ ಕೆಲವು ಮಸುಕಾಗಿವೆ, ಕೆಲವನ್ನು ಅಲ್ಲಲ್ಲಿ ಕತ್ತರಿಸಿದ್ದಾರೆ. ಎರಡು ಮೂರು ಕಡೆ ಹುಡುಕಿ, ಉದ್ದ ಜಾಸ್ತಿ ಇರುವುದನ್ನೇ ಆರಿಸಿಕೊಳ್ಳಿ.