ಇಪ್ಪತ್ತು ಸಾವಿರಕ್ಕೆ ಯಾವ ಕ್ಯಾಮೆರಾ ಬರುತ್ತದೆ ಅಣ್ಣ?

ತಿಂಗಳಿಗೆ ಒಂದೆರಡು ಸಲವಾದರೂ ಈ ಫೋನ್ ಬರುತ್ತದೆ. ಆ ಕಡೆ ಯಾವುದೋ ಸಣ್ಣ ಸಭೆಯ, ಅಂದರೆ ಚರ್ಚಿನ, ಹುಡುಗ. ಯೂತ್ ಸೆಕ್ರೆಟರಿ ಇರಬಹುದು, ಕೀಬೋರ್ಡ್ ನುಡಿಸುವವನಿರಬಹುದು. ‘ಅಣ್ಣ, ಕಮಿಟಿಯವರು ಇಪ್ಪತ್ತು ಸಾವಿರ ಕೊಡ್ತೇವೆ ಅಂದಿದ್ದಾರೆ. ಫೋಟೋ, ವಿಡಿಯೋ, ಯೂಟ್ಯೂಬ್ ಲೈವ್ ಎಲ್ಲ ಅದರಲ್ಲೇ ಆಗ್ಬೇಕು. ಯಾವ ಕ್ಯಾಮೆರಾ ತಗೊಳ್ಳಲಿ?’

ಈ ವರ್ಷ ಕ್ಯಾಮೆರಾ ತಗೋಬೇಡ ಮಾರಾಯ, ಮೊದಲು ಧ್ವನಿಗೆ ವಯರು ತಗೋ, ಅನ್ನುತ್ತೇನೆ.

ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರುವುದಿಲ್ಲ. ಅವನಿಗೆ ಬೇಸರ, ನನಗೆ ಗೊತ್ತು. ಕ್ಯಾಮೆರಾ ಕುತ್ತಿಗೆಗೆ ನೇತು ಹಾಕಿಕೊಂಡರೆ ಬರುವ ಗತ್ತು ವಯರು ಕೈಯಲ್ಲಿ ಹಿಡಿದರೆ ಬರುವುದಿಲ್ಲ, ಅಲ್ವಾ? ನಾನು ವಾರವಿಡೀ ಮದುವೆ, ಪಾಸ್‌ಪೋರ್ಟ್ ಫೋಟೋ ಅಂತ ಹೊಟ್ಟೆ ಹೊರೆಯುವವನು. ಭಾನುವಾರ ಮಾತ್ರ ಕರಾವಳಿಯ ನಮ್ಮ ಸಣ್ಣ ಸಭೆಗೆ ಪುಕ್ಕಟೆ ಕೆಲಸ. ಹಾಗಾಗಿ ನನ್ನ ಹತ್ತಿರ ಒಳ್ಳೆಯ ಕ್ಯಾಮೆರಾ ಮೊದಲಿನಿಂದಲೂ ಇತ್ತು. ಅದೇ ನನ್ನನ್ನು ಕೆಡಿಸಿತು ಅನ್ನಬೇಕು.

2020ರಲ್ಲಿ, ಕೊರೊನಾ ಹೊತ್ತಿನಲ್ಲಿ, ನಮ್ಮ ಸಭೆಯ ಹಿರಿಯ ಹೆಂಗಸೊಬ್ಬರು ತೀರಿಕೊಂಡರು. ಮಗ ಕುವೈತಿನಲ್ಲಿ. ವಿಮಾನ ಇಲ್ಲ. ಫೋನ್ ಮಾಡಿ ಲೈವ್ ಹಾಕುತ್ತೀರಾ ಅಂತ ಕೇಳಿದ. ನಾನು ಸ್ಟ್ಯಾಂಡ್ ಇಟ್ಟೆ, 50 ಎಂಎಂ ಲೆನ್ಸ್ ಹಾಕಿದೆ, ಕಿಟಕಿಯ ಬೆಳಕು ಶವಪೆಟ್ಟಿಗೆಯ ಮೇಲೆ ಮೆತ್ತಗೆ ಬೀಳುವ ಜಾಗ ಹುಡುಕಿದೆ. ಫ್ರೇಮು ನೋಡಿ ಒಳಗೊಳಗೇ ಹೆಮ್ಮೆಪಟ್ಟೆ ಅಂತ ಹೇಳಲು ಈಗ ನಾಚಿಕೆ. ರಾತ್ರಿ ಅವನ ಫೋನ್ ಬಂತು. ‘ಅಣ್ಣ, ಅಮ್ಮನ ಮುಖ ಚೆನ್ನಾಗಿ ಕಂಡಿತು. ಅಯ್ಯನವರು ಏನು ಹೇಳಿದರು?’

ಅಯ್ಯನವರು ಅಂದರೆ ನಮ್ಮ ಸಭೆಯ ಪಾದ್ರಿಗಳು. ಅವರು ನಿಂತು ಪ್ರಸಂಗ ಮಾಡುವ ಪೀಠದಿಂದ ಕ್ಯಾಮೆರಾಕ್ಕೆ ಮೂವತ್ತು ಅಡಿ. ನೆತ್ತಿಯ ಮೇಲೆ ಫ್ಯಾನು. ಇಪ್ಪತ್ತೈದು ನಿಮಿಷ ಅವನು ಕೇಳಿದ್ದು ಫ್ಯಾನಿನ ಗಾಳಿಯನ್ನು. ಕೊನೆಯ ಗೀತೆ ಯಾವುದು ಹಾಡಿದಿರಿ ಅಂತಲೂ ಕೇಳಿದ. ಅಮ್ಮನಿಗೆ ಇಷ್ಟವಾದ ತುಳು ಗೀತೆಯನ್ನೇ ಹಾಡಿದ್ದೆವು. ಅದೂ ಅವನಿಗೆ ಕೇಳಿಸಿರಲಿಲ್ಲ.

ಅಂದಿನಿಂದ ನನ್ನ ಲೆಕ್ಕ ತಿರುಗಿತು. ಮೊದಲು ಧ್ವನಿ. ಆಮೇಲೆ ಬೆಳಕು. ಕ್ಯಾಮೆರಾ ಕೊನೆಗೆ. ಕಿಸೆಯಲ್ಲಿರುವ ಫೋನು ಒಂದೆರಡು ವರ್ಷಕ್ಕೆ ಧಾರಾಳ ಸಾಕು.

ಧ್ವನಿಗೆ ದೊಡ್ಡ ಖರ್ಚಿಲ್ಲ. ಎಷ್ಟು ಸಣ್ಣ ಸಭೆಯಾದರೂ ಮೈಕುಗಳ ಶಬ್ದ ಸೇರಿಸುವ ಒಂದು ಮಿಕ್ಸರ್ ಇದ್ದೇ ಇರುತ್ತದೆ. ಅದರ ಹಿಂದೆಯೋ ಪಕ್ಕದಲ್ಲೋ ‘ರೆಕ್ ಔಟ್’ ಅಂತ ಎರಡು ತೂತು ಇರುತ್ತವೆ. ಹೆಚ್ಚಿನ ಕಡೆ ಅವುಗಳಲ್ಲಿ ಧೂಳು ಬಿಟ್ಟರೆ ಬೇರೇನೂ ಹೊಕ್ಕಿರುವುದಿಲ್ಲ. ಅಲ್ಲಿಂದ ನೇರ ಫೋನಿಗೆ ವಯರು ಎಳೆದರೆ ಆಯ್ತು ಅಂದುಕೊಳ್ಳಬೇಡಿ. ಮಿಕ್ಸರಿನಿಂದ ಬರುವ ಸಿಗ್ನಲ್ ಜೋರು, ಫೋನಿನ ಮೈಕ್ ತೂತು ಬಯಸುವುದು ಬಹಳ ಸಣ್ಣದನ್ನು. ನೇರ ಕೊಟ್ಟರೆ ಅಯ್ಯನವರು ಡಬ್ಬದೊಳಗಿಂದ ಕಿರುಚಿದ ಹಾಗೆ ಕೇಳುತ್ತದೆ. ನಡುವೆ ಸಿಗ್ನಲ್ ತಗ್ಗಿಸುವ ವಯರು ಬೇಕು, ಇಲ್ಲವೇ ಜೋರು ಸಿಗ್ನಲ್ ತಾಳುವ ‘ಲೈನ್ ಇನ್’ ತೂತಿರುವ, ಯುಎಸ್‌ಬಿಗೆ ಹಾಕುವ ಸಣ್ಣ ಸೌಂಡ್ ಕಾರ್ಡ್. ಎರಡೂ ಸೇರಿ ನನಗೆ ಮೂರು ಸಾವಿರದ ಒಳಗೆ ಆಯ್ತು.

ಇದರಲ್ಲೂ ಒಂದು ಮೋಸ ಇದೆ. ಮಿಕ್ಸರಿನ ವಯರಿನಲ್ಲಿ ಪ್ರಸಂಗ ಬರುತ್ತದೆ, ಸಭೆ ಬರುವುದಿಲ್ಲ. ಮೈಕಿನ ಮುಂದೆ ಹಾಡುವ ಮೂವರ ದನಿ ಮಾತ್ರ ಕೇಳಿ, ನೂರು ಜನ ಹಾಡಿದ್ದು ಎಲ್ಲೂ ಇಲ್ಲದಿದ್ದರೆ, ಖಾಲಿ ಕಟ್ಟಡದಲ್ಲಿ ಆರಾಧನೆ ನಡೆದ ಹಾಗಿರುತ್ತದೆ. ಒಂದು ಮೈಕನ್ನು ಜನರ ಕಡೆ ತಿರುಗಿಸಿ ಎತ್ತರದಲ್ಲಿ ಇಡಿ. ಸ್ಪೀಕರಿನ ಶಬ್ದ ಅದಕ್ಕೆ ನೇರ ಬೀಳದ ಹಾಗೆ ನೋಡಿಕೊಳ್ಳಿ, ಸಣ್ಣಗೆ ಸೇರಿಸಿ. ಆಗ ಹಿಂದಿನ ಬೆಂಚಿನ ಮಗು ಅತ್ತದ್ದೂ ಕೇಳುತ್ತದೆ. ಕೇಳಲಿ ಬಿಡಿ.

ಬೆಳಕಿನ ವಿಷಯದಲ್ಲಿ ನಾವು ಕರಾವಳಿಯವರು ಪುಣ್ಯವಂತರು. ಹಳೆಯ ಚರ್ಚುಗಳಿಗೆ ಹಂಚಿನ ಮಾಡು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಬಂದ ರೂಢಿ ಇದು. ನಮ್ಮ ಮಾಡಿನಲ್ಲಿ ಸಾಲಿಗೆ ಒಂದೆರಡು ಗಾಜಿನ ಹಂಚುಗಳಿವೆ. ಒಂಬತ್ತೂವರೆಗೆ ಅದರಿಂದ ಬಿಸಿಲಿನ ಕೋಲು ಇಳಿದು ಮೂರನೇ ಬೆಂಚಿನ ಮೇಲೆ ಬೀಳುತ್ತದೆ. ಡಿಸೆಂಬರಿನಲ್ಲಿ ಅದೇ ಕೋಲು ಜಾಗ ಬದಲಿಸುತ್ತದೆ. ಇದನ್ನು ನಾನು ಯಾವ ಯೂಟ್ಯೂಬ್ ಪಾಠದಲ್ಲೂ ಕಲಿಯಲಿಲ್ಲ. ಪ್ರಸಂಗ ಉದ್ದವಾದ ಭಾನುವಾರಗಳಲ್ಲಿ ಸುಮ್ನೆ ಕೂತು ನೋಡಿದ್ದು. ನಿಮ್ಮದು ಆರ್‌ಸಿಸಿ ಕಟ್ಟಡವಾದರೂ ಯಾವುದೋ ಕಿಟಕಿಯಿಂದ ಒಂದು ಹೊತ್ತಿನಲ್ಲಿ ಒಳ್ಳೆಯ ಬೆಳಕು ಬಂದೇ ಬರುತ್ತದೆ. ಯಾವ ಕಿಟಕಿ, ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ.

ಇನ್ನು ಟ್ಯೂಬ್‌ಲೈಟು. ‘ವಿಡಿಯೋದಲ್ಲಿ ಕಪ್ಪು ಪಟ್ಟಿ ಓಡುತ್ತದೆ ಅಣ್ಣ, ಫೋನ್ ಹಾಳಾಗಿದೆಯಾ?’ ಅಂತಲೂ ಕೇಳುತ್ತಾರೆ. ಹಾಳಾಗಿಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಚೋಕಿನ ಟ್ಯೂಬು, ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾ ಹಿಡಿಯುತ್ತದೆ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಶಟರನ್ನು 1/50 ಅಥವಾ 1/100ಕ್ಕೆ ಇಡಿ, ವಿಡಿಯೋವನ್ನು 25 ಫ್ರೇಮಿಗೆ ಇಡಿ. ಪಟ್ಟಿ ಮಾಯ. ಪೀಠದ ಹಿಂದಿನ ಕಿಟಕಿಯಿಂದಾಗಿ ಅಯ್ಯನವರ ಮುಖ ಕಪ್ಪಾಗುತ್ತಿದ್ದರೆ ಆ ಕಿಟಕಿಗೆ ಬಿಳಿ ಪಂಚೆ ಕಟ್ಟಿ, ಎದುರಿಗೆ ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿ. ಅಷ್ಟೇ. ಕ್ರಿಸ್ಮಸ್ಸಿಗೆ ನೀಲಿ, ಗುಲಾಬಿ ಎಲ್‌ಇಡಿ ಹಾಕುವ ಯೂತಿನವರ ಹತ್ತಿರ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಆ ಬೆಳಕಿನಲ್ಲಿ ದೇವದೂತರೆಲ್ಲ ಜ್ವರ ಬಂದವರ ಹಾಗೆ ಕಾಣುತ್ತಾರೆ.

ಇಷ್ಟು ಹೇಳಿದ ಮೇಲೆ ಹುಡುಗರು ಕೇಳುವುದು, ‘ಸರಿ ಅಣ್ಣ, ಕ್ರಿಯೇಟಿವ್ ಆಗಿ ಏನು ಮಾಡುವುದು?’

ಇದಕ್ಕೆ ಬೆಳೆಹಬ್ಬದ ಪೋಸ್ಟರ್ ಕಥೆ ಹೇಳುತ್ತೇನೆ. ಒಂದು ವರ್ಷ ನಮ್ಮದೇ ಸಭೆಯ ಪೋಸ್ಟರಿನಲ್ಲಿ ಗೋಧಿ ಹೊಲ ಇತ್ತು. ಇಂಟರ್ನೆಟ್ಟಿನಿಂದ ಇಳಿಸಿದ್ದು. ಬಂಗಾರದ ಬಣ್ಣದ ತೆನೆ, ಅದರ ನಡುವೆ ಬಿಳಿ ಅಂಗಿಯ ನೀಲಿ ಕಣ್ಣಿನ ಹುಡುಗಿ. ನಮ್ಮ ಊರಲ್ಲಿ ಗೋಧಿ ಬೆಳೆದವರನ್ನು ನಾನು ಕಂಡಿಲ್ಲ. ಹಬ್ಬದ ದಿನ ಜನ ತಂದದ್ದು ಕುಚ್ಚಲಕ್ಕಿ, ಬಸಳೆಯ ಕಟ್ಟು, ತೊಂಡೆಕಾಯಿ, ಗೆಣಸು, ಬಾಳೆಗೊನೆ, ಕಾಲು ಕಟ್ಟಿದ ಎರಡು ಊರಕೋಳಿ. ಆರಾಧನೆ ಮುಗಿದು ಏಲಂ ಶುರುವಾಯಿತು. ನೂರು ರೂಪಾಯಿಯ ಕುಂಬಳಕಾಯಿ ಸಾವಿರ ದಾಟಿತು, ಕೊಂಡವರು ಅದನ್ನು ಮತ್ತೆ ಏಲಂಗೇ ಕೊಟ್ಟರು. ಒಂದು ಕೋಳಿ ಹಗ್ಗ ಬಿಚ್ಚಿಕೊಂಡು ಆರ್ಗನ್ನಿನ ಅಡಿಗೆ ಹೊಕ್ಕಿತು. ಇಷ್ಟೆಲ್ಲ ಕಣ್ಣೆದುರು ನಡೆಯುವಾಗ ನಮಗೆ ಗೋಧಿ ಹೊಲ ಯಾಕೆ?

ಮುಂದಿನ ವರ್ಷ ನಾನು ಒಂದೇ ನಿಯಮ ಹಾಕಿಕೊಂಡೆ. ಕಾಣಿಕೆ ತಂದವರ ಕೈ ಮಾತ್ರ ತೆಗೆಯುವುದು. ಹಿನ್ನೆಲೆಗೆ ಬಾಗಿಲ ಪಕ್ಕದ ಸುಣ್ಣದ ಗೋಡೆ, ಬೆಳಕಿಗೆ ಬಾಗಿಲೇ. ಬಸಳೆ ಹಿಡಿದ ಕೈ, ಮೀನಿನ ಬಲೆ ಹೆಣೆದು ಗೀರು ಬಿದ್ದ ಕೈ, ತೆಂಗಿನಕಾಯಿ ಹಿಡಿಯಲು ಎರಡೂ ಕೈ ಸಾಲದ ಸಂಡೇಸ್ಕೂಲ್ ಮಗು. ಎಲ್ಲವೂ ಫೋನಿನಲ್ಲಿ ತೆಗೆದದ್ದು. ಅದರಲ್ಲಿ ಹನ್ನೆರಡು ಆರಿಸಿ ಗೋಡೆ ಕ್ಯಾಲೆಂಡರ್ ಮಾಡಿದೆವು. ಸ್ತ್ರೀಯರ ಅನ್ಯೋನ್ಯ ಕೂಟದವರು ಮಾರಿದರು, ಅಚ್ಚಿನ ಖರ್ಚು ಕಳೆದು ಮೈಕಿಗಾಗುವಷ್ಟು ಉಳಿಯಿತು. ಆಗಸ್ಟ್ ತಿಂಗಳ ಕೈ ಯಾರದು ಅಂತ ಈಗಲೂ ವಾದ ಇದೆ.

ಪೋಸ್ಟರಿನ ಮಾತು ಬಂತಲ್ಲ, ಅಕ್ಷರದ ಬಗ್ಗೆಯೂ ಹೇಳಿಬಿಡುತ್ತೇನೆ. ಒತ್ತಕ್ಷರ ಒಡೆದು ‘ಕ್ರಿಸ್ತ’ದ ತ ಒಂದು ಕಡೆ, ಸ ಒಂದು ಕಡೆ ಬಿದ್ದಿರುವ ಬ್ಯಾನರ್ ನೋಡಿದರೆ ನನಗೆ ಊಟ ಸೇರುವುದಿಲ್ಲ. ಹಳೆಯ ಫೋಟೋಶಾಪಿನಲ್ಲಿ ಹೀಗಾದರೆ ಟೈಪ್ ಸೆಟ್ಟಿಂಗಿಗೆ ಹೋಗಿ ‘ವರ್ಲ್ಡ್-ರೆಡಿ ಲೇಔಟ್’ ಆರಿಸಿ, ಯುನಿಕೋಡ್ ಫಾಂಟ್ ಬಳಸಿ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಬೆನ್ನೆ, ಹುಬ್ಬಳ್ಳಿ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದು ಕಲ್ಲಿನ ಮೇಲೆ ಬರೆದು ಒತ್ತುವ ಕಲ್ಲಚ್ಚಿನಲ್ಲಿ ಬಂತು. ಮರುವರ್ಷ ಬಿಡಿ ಅಕ್ಷರದ ಅಚ್ಚುಮೊಳೆಯ ಸೌಕರ್ಯಕ್ಕಾಗಿ ಪತ್ರಿಕೆಯೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಅಕ್ಷರಕ್ಕಾಗಿ ಅವರು ಅಷ್ಟು ದೂರ ಹೋದರು. ನಾವು ಒಂದು ಮೆನು ತೆರೆಯಲು ಸೋಮಾರಿತನ ಮಾಡುತ್ತೇವೆ.

ಫೋಟೋ ತೆಗೆಯದೇ ಇರುವ ಹೊತ್ತುಗಳೂ ಇವೆ. ಪಾಪನಿವೇದನೆಯ ಹೊತ್ತಿಗೆ, ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಜನ ಮೊಣಕಾಲೂರಿದಾಗ ನನ್ನ ಫೋನು ಕಿಸೆಯಲ್ಲಿರುತ್ತದೆ. ದೀಕ್ಷಾಸ್ನಾನಕ್ಕೆ ಫ್ಲಾಶ್ ಇಲ್ಲ. ಮಕ್ಕಳ ಫೋಟೋ ಹಾಕುವ ಮೊದಲು ತಂದೆ ತಾಯಿಯನ್ನು ಕೇಳುವುದು. ಮತ್ತೆ ಅಕ್ಕಿ ಕಿಟ್ ಹಂಚುವ ಫೋಟೋ. ಇದರಲ್ಲಿ ನಾನು ಹಟಮಾರಿ. ಕೊಡುವವರು ನಾಲ್ಕು ಜನ ಕ್ಯಾಮೆರಾ ನೋಡಿ ನಗುವುದು, ತೆಗೆದುಕೊಳ್ಳುವ ಅಜ್ಜಿ ತಲೆ ತಗ್ಗಿಸುವುದು. ಆ ಅಜ್ಜಿ ನಾಳೆ ಮೀನು ಮಾರ್ಕೆಟ್ಟಿಗೆ ಹೋಗಬೇಕು ತಾನೇ? ಕಮಿಟಿಯ ಹಿರಿಯರೊಬ್ಬರು ವರದಿಗೆ ಫೋಟೋ ಬೇಕೇ ಬೇಕು ಅಂತ ಹಿಡಿದು ಕೂತರು. ಸಾಲಾಗಿ ಜೋಡಿಸಿದ ಚೀಲಗಳದ್ದು, ಚೀಲ ಹೊಲಿಯುವವರದ್ದು ತೆಗೆದುಕೊಟ್ಟೆ. ವರದಿ ಪಾಸಾಯಿತು.

ಲೈವ್ ಬಗ್ಗೆ ಒಂದೇ ಎಚ್ಚರಿಕೆ. ಯೂಟ್ಯೂಬಿನಲ್ಲಿ ಮೊದಲ ಸಲ ಲೈವ್ ಆನ್ ಮಾಡಿದರೆ ಅದು ತೆರೆಯಲು 24 ಗಂಟೆವರೆಗೆ ಕಾಯಿಸುತ್ತದೆ. ಶುಭ ಶುಕ್ರವಾರದ ಬೆಳಿಗ್ಗೆ ಎದ್ದು ಚಾನೆಲ್ ಮಾಡಲು ಕೂತರೆ ಈಸ್ಟರಿಗೇ ಸಿಗುವುದು. ವಿಡಿಯೋ ಗುಣಮಟ್ಟಕ್ಕೆ 720ಪಿ ಧಾರಾಳ ಆಯ್ತು, ನೆಟ್ ಕಡಿಮೆ ಇರುವ ಕಡೆ ಅದೇ ಒಳ್ಳೆಯದು. ಲ್ಯಾಪ್‌ಟಾಪ್ ಇದ್ದರೆ ಲೈವ್ ಕಳಿಸಲು ಓಬಿಎಸ್, ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್, ಫೋಟೋಗೆ ಫೋನಿನಲ್ಲೇ ಸ್ನ್ಯಾಪ್‌ಸೀಡ್. ಮೂರಕ್ಕೂ ದುಡ್ಡು ಕೊಡಬೇಕಿಲ್ಲ.

ಇಪ್ಪತ್ತು ಸಾವಿರದ ಲೆಕ್ಕ ಈಗ ಕೇಳಿ. ವಯರು, ಸೌಂಡ್ ಕಾರ್ಡ್ ಮೂರು ಸಾವಿರ. ಅಂಗಿಗೆ ಸಿಕ್ಕಿಸುವ ಆರು ಮೀಟರ್ ವಯರಿನ ಕಾಲರ್ ಮೈಕ್ ಒಂದು ಸಾವಿರ. ಗಟ್ಟಿ ಸ್ಟ್ಯಾಂಡು, ಫೋನ್ ಹಿಡಿಯುವ ಕ್ಲಿಪ್ಪು ಎರಡು ಸಾವಿರ. ಥರ್ಮಾಕೋಲ್, ಬಟ್ಟೆ, ಟೇಪು ಮುನ್ನೂರು. ಇನ್ನು ಹಾರ್ಡ್ ಡಿಸ್ಕಿಗೆ ನಾಲ್ಕೈದು ಸಾವಿರ. ಇದಕ್ಕೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ಬಾಸೆಲ್ ಮಿಷನ್ನಿನವರು ನಮ್ಮ ಕರಾವಳಿಯಲ್ಲಿ ತೆಗೆದ ಹಳೆಯ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಗ್ರಹದಲ್ಲಿವೆ, ಆನ್‌ಲೈನಿನಲ್ಲಿ ಕೂತು ನೋಡಬಹುದು. ನಮ್ಮ ಸಭೆಯ 2012ರ ಕ್ರಿಸ್ಮಸ್ ನಾಟಕದ ಫೋಟೋ ಮಾತ್ರ ಎಲ್ಲೂ ಇಲ್ಲ. ಅದು ನನ್ನದೇ ಕಂಪ್ಯೂಟರಿನ ಜೊತೆ ಹೋಯಿತು. ಹಾಗಾಗಿ ಡಿಸ್ಕು ಬೇಕು. ತಾರೀಕು, ಹಬ್ಬದ ಹೆಸರು ಹಾಕಿ ಫೋಲ್ಡರ್ ಮಾಡಿ.

ಉಳಿದ ಸುಮಾರು ಒಂಬತ್ತು ಸಾವಿರ ಖಜಾಂಚಿಯ ಹತ್ತಿರವೇ ಇರಲಿ. ಒಂದು ವರ್ಷ ಫೋನಿನಲ್ಲಿ ಕೆಲಸ ಮಾಡಿದ ಮೇಲೂ ಬೇಕು ಅನಿಸಿದರೆ, ಅದಕ್ಕೆ ಸ್ವಲ್ಪ ಸೇರಿಸಿ ಹಳೆಯ ಡಿಎಸ್‌ಎಲ್‌ಆರ್, 50 ಎಂಎಂ 1.8 ಲೆನ್ಸ್ ಹುಡುಕಿ. ಆಗ ನಾನೇ ಜೊತೆಗೆ ಬಂದು ನೋಡಿ ಕೊಡಿಸುತ್ತೇನೆ.

ಕಳೆದ ಶನಿವಾರ ಸಂಜೆ ಒಬ್ಬ ಹುಡುಗ ಮತ್ತೆ ಫೋನ್ ಮಾಡಿದ. ‘ಅಣ್ಣ, ನೀವು ಹೇಳಿದ ಹಾಗೆ ವಯರು ತಂದೆ. ಫೋನಿಗೆ ಹಾಕಿದ್ರೆ ಏನೂ ಕೇಳ್ತಾ ಇಲ್ಲ.’

‘ಪಿನ್ನಿನ ಮೇಲೆ ಕಪ್ಪು ಗೆರೆ ಎಷ್ಟಿದೆ ಎಣಿಸು.’

‘ಎರಡು.’

‘ಮೂರಿರಬೇಕು. ಎರಡಿದ್ದರೆ ಫೋನಿಗೆ ಅದು ಮೈಕ್ ಅಂತ ಗೊತ್ತಾಗುವುದಿಲ್ಲ. ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ?’

‘ಎಂಟಕ್ಕೆ.’

ಏಳೂಮುಕ್ಕಾಲಾಗಿತ್ತು. ಬೈಕ್ ಸ್ಟಾರ್ಟ್ ಆದ ಸದ್ದು ಕೇಳಿತು, ಆಮೇಲೆ ಫೋನ್ ಕಟ್ಟಾಯಿತು.