ಶೋಲ್ಡರ್ ಪ್ರೆಸ್ 40 ಕೆಜಿಗೆ ಯಾಕೆ ನಿಲ್ಲುತ್ತದೆ?

"ಅಣ್ಣಾ, ಶೋಲ್ಡರ್ ಪ್ರೆಸ್ ಏರವಲ್ದು. ಮೂರು ತಿಂಗಳಾತು, ನಲವತ್ತಕ್ಕ ನಿಂತದ. ಏನ್ ಮಾಡ್ಲಿ?"

ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. ಜಿಮ್‌ನಲ್ಲಿ ಕೇಳುತ್ತಾರೆ, ಸೂಪರ್ ಮಾರ್ಕೆಟ್ ಕಡೆ ಚಹಾ ಕುಡಿಯುವಾಗ ಕೇಳುತ್ತಾರೆ. ಒಬ್ಬ ಹುಡುಗನಂತೂ ಮದುವೆ ಊಟದ ಪಂಕ್ತಿಯಲ್ಲಿ, ಹೋಳಿಗೆ ಮೇಲೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಕೇಳಿದ್ದ. ನಾನೇನು ಕೋಚ್ ಅಲ್ಲ. ಕಲಬುರಗಿ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಬೆಳಗ್ಗೆ ಜಿಮ್‌ಗೆ ಹೋಗುತ್ತೇನೆ, ಅಷ್ಟೇ. ಆದರೆ ಇದೇ ಪ್ರೆಸ್‌ನಲ್ಲಿ ನಾನೇ ಐದು ತಿಂಗಳು 45 ಕೆಜಿಗೆ ಸಿಕ್ಕಿಬಿದ್ದಿದ್ದೆ, ಒದ್ದಾಡಿ ಹೊರಗೆ ಬಂದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದಿಟ್ಟುಬಿಡುತ್ತೇನೆ.

ಯಾವ ಪ್ರೆಸ್ ಅಂತ ಮೊದಲು ಹೇಳಬೇಕು. ನಿಂತುಕೊಂಡು, ರಾಡನ್ನು ಭುಜದ ಮಟ್ಟದಿಂದ ತಲೆಯ ಮೇಲೆ ಕೈ ನೆಟ್ಟಗಾಗುವ ತನಕ ಒತ್ತುವುದು. ಮೊಣಕಾಲು ಬಗ್ಗಿಸುವಂತಿಲ್ಲ.

ಸಿಕ್ಕಿಬಿದ್ದವರಿಗೆ ಜಿಮ್‌ನಲ್ಲಿ ಸಿಗುವ ಸಲಹೆ ಯಾವಾಗಲೂ ಎರಡೇ. ಜಾಸ್ತಿ ತಿನ್ನು, ಇಲ್ಲಾ ಜಾಸ್ತಿ ಜೋರು ಹಾಕು. ನಾನು ಎರಡನೆಯದನ್ನೇ ಹಿಡಿದಿದ್ದೆ. ಪ್ರತಿ ಸೋಮವಾರ 47.5 ಹಾಕುವುದು, ಹಣೆಯ ತನಕ ಬರುವುದು, ಅಲ್ಲಿ ನಡುಗಿ ಕೆಳಗೆ ಇಳಿಸುವುದು. ವಾರಕ್ಕೊಂದು ಸಲ ಪರೀಕ್ಷೆಗೆ ಕೂತು, ಮಧ್ಯೆ ಒಂದು ದಿನವೂ ಓದದ ಹುಡುಗನ ಹಾಗಿತ್ತು ನನ್ನ ಕಥೆ. ಕೊನೆಗೆ ಬಲ ಮೊಣಕೈ ನೋಯಲು ಶುರುವಾಯಿತು, ಆಗ ನಿಲ್ಲಿಸಿ ಕೂತು ಲೆಕ್ಕ ಹಾಕಿದೆ. ಲೆಕ್ಕ ಹಾಕುವುದೇ ನನ್ನ ಹೊಟ್ಟೆಪಾಡು, ಆದರೂ ಐದು ತಿಂಗಳು ತಲೆಗೆ ಹೊಳೆದಿರಲಿಲ್ಲ ನೋಡಿ.

ಲೆಕ್ಕ ಇಷ್ಟೇ. ನಮ್ಮ ಜಿಮ್‌ಗಳಲ್ಲಿ ಎಲ್ಲಕ್ಕಿಂತ ಸಣ್ಣ ಪ್ಲೇಟ್ 1.25 ಕೆಜಿಯದು. ಎರಡೂ ಕಡೆ ಹಾಕಿದರೆ 2.5. ನೆಲದಿಂದ ರಾಡ್ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್‌ನಲ್ಲಿ 100 ಎತ್ತುವವನಿಗೆ ಅದು ನೂರಕ್ಕೆ ಎರಡೂವರೆ, ಅವನಿಗೆ ಗೊತ್ತೇ ಆಗುವುದಿಲ್ಲ. ಪ್ರೆಸ್‌ನಲ್ಲಿ 40 ಎತ್ತುವವನಿಗೆ ಅದೇ ಪ್ಲೇಟ್ ನೂರಕ್ಕೆ ಆರೂಕಾಲು. ಡೆಡ್‌ಲಿಫ್ಟ್ ಮಾಡುವವನಿಗೆ ಒಂದೇ ಏಟಿಗೆ 100ರಿಂದ 106 ದಾಟು ಅಂದಂತಾಯಿತು. ಅಲ್ಲಿ ಕಾಲು, ಸೊಂಟ, ಬೆನ್ನು ಎಲ್ಲಾ ಸೇರಿ ಎಳೆಯುತ್ತವೆ, ಇಲ್ಲಿ ಮುಖ್ಯವಾಗಿ ಭುಜದ ಮುಂಭಾಗ ಮತ್ತು ತೋಳಿನ ಹಿಂದಿನ ಟ್ರೈಸೆಪ್ಸ್, ಅವುಗಳ ಮುಂದೆ ಎರಡೂ ಸಣ್ಣ ಸ್ನಾಯುಗಳು. ಸಣ್ಣ ಸ್ನಾಯುವಿಗೆ ದೊಡ್ಡ ಮೆಟ್ಟಿಲು ಇಟ್ಟು ಹತ್ತು ಅಂದರೆ ಅದು ಹೇಗೆ ಹತ್ತೀತು?

ಹಾಗಾಗಿ ನಾನು ಮೊದಲು ಮಾಡಿದ್ದು ವ್ಯಾಯಾಮವನ್ನೇ ಅಲ್ಲ. ಸೇಡಂ ರಸ್ತೆ ಕಡೆ ಒಂದು ಲೇತ್ ಅಂಗಡಿಗೆ ಹೋದೆ. 6 ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು, 5 ಇಂಚು ಅಗಲದ ಗುಂಡನೆ ಬಿಲ್ಲೆ, ನಡುವೆ 2 ಇಂಚಿನ ತೂತು. ಹೀಗೆ ಕತ್ತರಿಸಿದರೆ ಒಂದೊಂದು ಬಿಲ್ಲೆ ಹೆಚ್ಚುಕಡಿಮೆ ಅರ್ಧ ಕೆಜಿ ಬರುತ್ತದೆ. 3 ಮಿಲಿಮೀಟರ್ ತಗಡಾದರೆ ಕಾಲು ಕೆಜಿ. ಎರಡೂ ಅಳತೆಯಲ್ಲಿ ಒಂದೊಂದು ಜೊತೆ ಮಾಡಿಸಿದೆ. ಈಗ ನನ್ನ ಮೆಟ್ಟಿಲು ಅರ್ಧ ಕೆಜಿ, ಒಂದು ಕೆಜಿ, ಎರಡೂ ಹಾಕಿದರೆ ಒಂದೂವರೆ. ಹೊರಡುವ ಮುಂಚೆ ನಿಮ್ಮ ಜಿಮ್‌ನ ರಾಡ್ ತುದಿಯನ್ನು ಟೇಪ್ ಹಿಡಿದು ಅಳೆದುಕೊಂಡು ಹೋಗಿ, ಎಲ್ಲಾ ಜಿಮ್‌ನಲ್ಲೂ ದಪ್ಪ ರಾಡ್ ಇರುವುದಿಲ್ಲ. ಅಂಚನ್ನು ಚೆನ್ನಾಗಿ ಉಜ್ಜಿಸಿ, ಇಲ್ಲದಿದ್ದರೆ ಬೆರಳು ಕೊಯ್ಯುತ್ತದೆ.

ಬಿಲ್ಲೆಗಳನ್ನು ನಮ್ಮ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾ ಮೇಲೆ ಇಟ್ಟು ತೂಗುತ್ತಿದ್ದಾಗ ಸಾವ್ಕಾರ್ರು ಬಂದರು. ತೊಗರಿ ತೂಗುವ ಕಾಟಾ ಮೇಲೆ ಕಬ್ಬಿಣ ನೋಡಿ "ಇದರ ಭಾವ ಎಷ್ಟಪಾ ಇವತ್ತ?" ಅಂದರು. ನಕ್ಕು ಸುಮ್ಮನಾದೆ. ಆದರೆ ಅದೇ ಕಾಟಾದಿಂದ ಇನ್ನೊಂದು ವಿಷಯ ಗೊತ್ತಾಯಿತು. ಜಿಮ್‌ನಿಂದ 5 ಕೆಜಿಯ ನಾಲ್ಕು ಪ್ಲೇಟ್ ಕೇಳಿ ತಂದು ತೂಗಿದರೆ ಒಂದು 4.7, ಇನ್ನೊಂದು 5.2, ಉಳಿದೆರಡು ನಡುವೆ ಎಲ್ಲೋ. ಅಂದರೆ ನಾನು "ಈ ವಾರ ಎತ್ತಿದೆ, ಹೋದ ವಾರ ಆಗಲಿಲ್ಲ" ಅಂತ ಕೊರಗಿದ್ದರಲ್ಲಿ ಎಷ್ಟೋ ಸಲ ತಪ್ಪು ನನ್ನದಲ್ಲ, ಪ್ಲೇಟ್‌ದು! ಅಂದಿನಿಂದ ಪ್ಲೇಟ್ ಹಿಂದೆ ಸೀಮೆಸುಣ್ಣದಲ್ಲಿ ಸಣ್ಣ ಗುರುತು ಹಾಕಿಕೊಂಡು, ಪ್ರತಿ ಸಲ ಅವನ್ನೇ ಹಾಕುತ್ತೇನೆ.

ಇನ್ನು ಎತ್ತುವ ರೀತಿ. ಹುಡುಗರ ವಿಡಿಯೋ ನೋಡಿದರೆ ಹತ್ತರಲ್ಲಿ ಎಂಟು ಜನರದು ಒಂದೇ ತಪ್ಪು. ರಾಡ್ ಮುಖವನ್ನು ಸುತ್ತಿ ಮುಂದೆ ಹೋಗುತ್ತದೆ. ಮೂಗಿಗೆ ತಾಗೀತು ಅನ್ನುವ ಹೆದರಿಕೆ, ಸಹಜ. ಆದರೆ ರಾಡ್ ನಾಲ್ಕು ಇಂಚು ಮುಂದೆ ಹೋದರೆ ಭುಜಕ್ಕೆ ಅದು ಎಷ್ಟೋ ಹೆಚ್ಚು ಭಾರ. ತುಂಬಿದ ಕೊಡವನ್ನು ಮೈಗೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ವ್ಯತ್ಯಾಸ ಇದೆಯಲ್ವಾ, ಹಾಗೆ. ರಾಡ್ ದಾರಿ ಬಿಡಬಾರದು, ಮುಖ ದಾರಿ ಬಿಡಬೇಕು. ಗದ್ದ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ, ರಾಡ್ ಮೂಗಿನ ಪಕ್ಕದಲ್ಲೇ ನೆಟ್ಟಗೆ ಏರಲಿ, ಹಣೆ ದಾಟಿದ ಕೂಡಲೇ ತಲೆಯನ್ನು ಎರಡು ತೋಳುಗಳ ನಡುವೆ ಮುಂದಕ್ಕೆ ತನ್ನಿ. ಕೊನೆಯಲ್ಲಿ ರಾಡ್, ಭುಜ, ಪಾದದ ನಡುಭಾಗ ಒಂದೇ ಗೆರೆಯಲ್ಲಿ ಇರಬೇಕು. ಹಿಡಿತ ಭುಜಕ್ಕಿಂತ ಒಂಚೂರು ಹೊರಗೆ ಸಾಕು, ಎದುರಿನಿಂದ ನೋಡಿದರೆ ಮುಂಗೈ ಕಂಬದ ಹಾಗೆ ನೆಟ್ಟಗಿರಬೇಕು. ರಾಡ್ ಬೆರಳಿನ ಬುಡದಲ್ಲಿ ಅಲ್ಲ, ಅಂಗೈಯ ಕೆಳಭಾಗದಲ್ಲಿ, ಮಣಿಕಟ್ಟಿನ ಮೇಲೆಯೇ ಕೂರಬೇಕು. ಕುಂಡಿ ಬಿಗಿ ಹಿಡಿಯಿರಿ, ಹೊಟ್ಟೆಯಲ್ಲಿ ಉಸಿರು ತುಂಬಿ ಬಿಗಿ ಮಾಡಿ, ಆಮೇಲೆ ಒತ್ತಿ.

ಕುಂಡಿ ಬಿಗಿ ಯಾಕೆ ಅಂದರೆ, ಇಲ್ಲದಿದ್ದರೆ ಸೊಂಟ ಹಿಂದಕ್ಕೆ ಬಾಗುತ್ತದೆ, ಪ್ರೆಸ್ ಹೋಗಿ, ಮಲಗಿ ಎದೆಯಿಂದ ಒತ್ತುವ ಬೆಂಚ್ ಪ್ರೆಸ್ಸನ್ನೇ ನಿಂತುಕೊಂಡು ಮಾಡಿದಂತಾಗುತ್ತದೆ. ಇದು ಇಂದಿನ ರೋಗ ಅಲ್ಲ. ಒಂದು ಕಾಲದಲ್ಲಿ ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನಲ್ಲಿ ಈಗಿನ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಎರಡು ಬಗೆಯ ಎತ್ತುವಿಕೆ ಜೊತೆಗೆ ಪ್ರೆಸ್ ಕೂಡ ಇತ್ತು. ಲಿಫ್ಟರ್‌ಗಳು ಬಾಗಿ ಬಾಗಿ ಎತ್ತತೊಡಗಿದರು, ಎಷ್ಟು ಬಾಗಿದರೆ ತಪ್ಪು ಅಂತ ತೀರ್ಪು ಕೊಡುವುದೇ ಕಷ್ಟವಾಯಿತು. 1972ರ ಮ್ಯೂನಿಕ್ ಒಲಿಂಪಿಕ್ಸ್ ಆದ ಮೇಲೆ ಪ್ರೆಸ್ಸನ್ನೇ ತೆಗೆದುಹಾಕಿದರು. ಅಂಥ ಗಟ್ಟಿಗರೇ ಬಾಗಿದರು, ನಾವು ಬಾಗುವುದೇನು ದೊಡ್ಡದಲ್ಲ. ಆದರೆ ನಮ್ಮ ಬೆನ್ನು ನಾಳೆ ಕೆಲಸಕ್ಕೆ ಬೇಕು.

ಈಗ ವಾರದ ಲೆಕ್ಕ. 40ನ್ನು ಐದು ಸಲ ಎತ್ತಿ ಅಲ್ಲೇ ನಿಂತಿದ್ದೀರಿ ಅಂದುಕೊಳ್ಳಿ. ಮೊದಲು ನೂರಕ್ಕೆ ಹತ್ತು ಇಳಿಸಿ, 36ಕ್ಕೆ ಬನ್ನಿ. ಇಲ್ಲಿ ಹುಡುಗರ ಮುಖ ಸಣ್ಣದಾಗುತ್ತದೆ, "ಕಮ್ಮಿ ಮಾಡೋದಾ ಅಣ್ಣಾ?" ಹೌದು, ಕಮ್ಮಿ ಮಾಡೋದೇ. ಸೋಮವಾರ 36ರಲ್ಲಿ ಐದೈದು ಸಲದ ಐದು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ, ಫೋನ್ ನೋಡಿದರೂ ಅಡ್ಡಿಯಿಲ್ಲ. ವಾರಕ್ಕೆ ಒಂದೇ ಕೆಜಿ ಏರಿಸಿ. 38 ದಾಟಿದ ಮೇಲೆ ಐದು ಸೆಟ್ ಬೇಡ, ಮೂರು ಸಾಕು. ಆರನೇ ವಾರಕ್ಕೆ 41 ಬರುತ್ತದೆ. ಮೂರನೇ ಸೆಟ್‌ನಲ್ಲಿ ನಾಲ್ಕೇ ಬಂದರೆ ಮುಂದಿನ ವಾರ ಅದೇ ತೂಕ ಇಟ್ಟುಕೊಳ್ಳಿ. ಅಲ್ಲಿಂದಾಚೆ ಅರ್ಧ ಅರ್ಧ ಕೆಜಿ.

ವಾರಕ್ಕೆ ಒಂದೇ ದಿನ ಸಾಲದು, ಇದು ಮುಖ್ಯ. ಬೆಂಚ್ ಎರಡು ದಿನ ಮಾಡುತ್ತಾರೆ, ಪ್ರೆಸ್ಸನ್ನು ಶೋಲ್ಡರ್ ದಿನದ ಕೊನೆಗೆ, ಕೈ ಸತ್ತ ಮೇಲೆ ಮಾಡಿ ಏರುತ್ತಿಲ್ಲ ಅನ್ನುತ್ತಾರೆ. ಗುರುವಾರ ಹಗುರಾಗಿ, 30 ಕೆಜಿಯಲ್ಲಿ ಎಂಟೆಂಟು ಸಲದ ನಾಲ್ಕು ಸೆಟ್, ಪೂರ್ತಿ ಗಮನ ರಾಡ್ ದಾರಿಯ ಮೇಲೆ. ಶನಿವಾರ ಡಂಬಲ್ಸ್, ಇಲ್ಲಾ ಪುಶ್ ಪ್ರೆಸ್.

ಪುಶ್ ಪ್ರೆಸ್ ಏನು ಅಂತ ನನಗೆ ಅರ್ಥ ಮಾಡಿಸಿದ್ದು ನಮ್ಮ ಗಂಜ್‌ನ ಒಬ್ಬ ಹಮಾಲಿ ಕಾಕಾ. ದಿನವಿಡೀ 50 ಕೆಜಿ ಚೀಲ ಹೊರುವ ಮನುಷ್ಯ. ಒಂದು ದಿನ ಸುಮ್ನೆ ತಮಾಷೆಗೆ ಜಿಮ್‌ಗೆ ಕರೆದುಕೊಂಡು ಹೋಗಿ 40 ಕೆಜಿ ರಾಡ್ ಕೊಟ್ಟೆ. ಕಾಲು ನೆಟ್ಟಗಿಟ್ಟು ಒತ್ತು ಅಂದರೆ ಗದ್ದದ ಹತ್ತಿರ ನಿಂತುಬಿಟ್ಟಿತು. "ಹೊರೋದು ಬ್ಯಾರೆ, ನೂಕೋದು ಬ್ಯಾರೆ ತಮ್ಮಾ" ಅಂದ. ಆಮೇಲೆ ಯಾರೂ ಹೇಳಿಕೊಡದೆ ಮೊಣಕಾಲು ಒಂಚೂರು ಬಗ್ಗಿಸಿ, ಲಾರಿ ಮೇಲಕ್ಕೆ ಚೀಲ ಏರಿಸುವ ಹಾಗೆ ಒಂದು ಝಟಕಾ ಕೊಟ್ಟು ತಲೆಯ ಮೇಲೆ ನಿಲ್ಲಿಸಿದ. ಅದೇ ಪುಶ್ ಪ್ರೆಸ್. ಕಾಲಿನ ಸಹಾಯದಿಂದ ಕೈಗೆ ಮೀರಿದ ತೂಕ ಮೇಲೆ ಹೋಗುತ್ತದೆ, ಅದನ್ನು ಅಲ್ಲಿ ಹಿಡಿದು ನಿಧಾನಕ್ಕೆ ಇಳಿಸಿದರೆ ಭುಜಕ್ಕೂ ಟ್ರೈಸೆಪ್ಸ್‌ಗೂ ಆ ತೂಕದ ರೂಢಿಯಾಗುತ್ತದೆ. ಮೂರು ಮೂರು ಸಲದ ನಾಲ್ಕು ಸೆಟ್, ಜಾಸ್ತಿ ಬೇಡ. ಹೀಗೆ ಒತ್ತಿದಷ್ಟೇ ಎಳೆಯಲೂ ಬೇಕು, ಪುಲ್‌ಅಪ್ ಅಥವಾ ರೋಯಿಂಗ್ ಬಿಡಬೇಡಿ.

"ಜಾಸ್ತಿ ತಿನ್ನು" ಅನ್ನುವ ಆ ಮೊದಲ ಸಲಹೆ ಪೂರ್ತಿ ಸುಳ್ಳಲ್ಲ. ಮೈತೂಕ ಒಂದೇ ಕಡೆ ನಿಂತಿದ್ದರೆ ಪ್ರೆಸ್ ಕೂಡ ಮೊಂಡು ಹಿಡಿಯುತ್ತದೆ. ಮೈತೂಕದ ಒಂದು ಕೆಜಿಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಅಂತ ಲೆಕ್ಕ ಇಟ್ಟುಕೊಳ್ಳಿ, 65 ಕೆಜಿಯವನಿಗೆ ನೂರು ಗ್ರಾಂ ಮೇಲೆ ಆಯಿತು. ನಮ್ಮೂರು ತೊಗರಿ ಕಣಜ, 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು) ಕೂಡ ಸಿಕ್ಕಿದೆ, ಎಲ್ಲಾ ಸರಿ. ಆದರೆ ನೂರು ಗ್ರಾಂ ಹಸಿ ಬೇಳೆಯಲ್ಲಿ ಇರುವುದು ಸುಮಾರು 22 ಗ್ರಾಂ, ನಮ್ಮ ತೆಳು ಸಾರಿನ ಬಟ್ಟಲಲ್ಲಿ ಎಷ್ಟು ಬೇಳೆ ಇರುತ್ತದೆ ಅಂತ ನಿಮಗೇ ಗೊತ್ತು. ರೊಟ್ಟಿ ಜೊತೆ ಗಟ್ಟಿ ಬೇಳೆ, ಮೊಸರು, ಶೇಂಗಾ ಹಿಂಡಿ, ತಿನ್ನುವವರಾದರೆ ಮೊಟ್ಟೆ. ಡಬ್ಬಿಯ ಪ್ರೋಟೀನ್ ಪೌಡರ್ ತಗೊಳ್ಳಬೇಕೇ ಅಂತ ಕೇಳುವವರು ಮೊದಲು ಬೆಳಗಿನ ನಾಷ್ಟಾ ಬಿಡುವುದನ್ನು ನಿಲ್ಲಿಸಿ.

ಬೇಸಿಗೆಯ ಮಾತು ಒಂದು. ಏಪ್ರಿಲ್, ಮೇನಲ್ಲಿ ಇಲ್ಲಿ 42 ಡಿಗ್ರಿ ಅಂದರೆ ಸಾಮಾನ್ಯ ದಿನ. ರಾತ್ರಿ ನಿದ್ದೆಯಿಲ್ಲ, ಕೈ ಬೆವರಿ ರಾಡ್ ಜಾರುತ್ತದೆ. ಆ ಎರಡು ತಿಂಗಳು ತೂಕ ಏರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬೆಳಗ್ಗೆ ಏಳರೊಳಗೆ ಮುಗಿಸಿ ಮನೆಗೆ ಹೋಗಿ. ಭುಜದ ಒಳಗೆ ಚುಚ್ಚಿದ ಹಾಗೆ ನೋವು ಬಂದರೆ ಅದು ಪ್ಲೇಟ್ ಬದಲಿಸಿ ಸರಿಹೋಗುವ ವಿಷಯವಲ್ಲ, ಡಾಕ್ಟರಿಗೆ ತೋರಿಸಿ.

ನನ್ನ 45, ಈ ದಾರಿಯಲ್ಲಿ ಒಂಬತ್ತು ತಿಂಗಳಿಗೆ 54 ಆಯಿತು. ಈಗ ಮತ್ತೆ ಸ್ವಲ್ಪ ನಿಂತಿದೆ, ಅದಕ್ಕೆ ಕಾರಣ ಮಾತ್ರ ಬೇರೆ. 3 ಮಿಲಿಮೀಟರ್‌ನ ಜೊತೆಯನ್ನು ಜಿಮ್‌ನಲ್ಲಿ ಯಾರೋ "ನಾಳೆ ಕೊಡ್ತೀನಣ್ಣಾ" ಅಂತ ಒಯ್ದಿದ್ದಾರೆ, ಆ ನಾಳೆ ಇನ್ನೂ ಬಂದಿಲ್ಲ. ಒಯ್ದವರು ಇದನ್ನು ಓದುತ್ತಿದ್ದರೆ, ಬೈಯುವುದಿಲ್ಲ, ಸೋಮವಾರದ ಒಳಗೆ ತಂದು ರ‍್ಯಾಕ್ ಪಕ್ಕ ಇಟ್ಟುಬಿಡಿ.